ಜಾನ್ಸನ್ ಎದುರು ಕಾಂಗ್ರೆಸ್: ಕಾರ್ಡ್ ಆಟಕ್ಕೆ ಕುರ್ಚಿಗಳು ಬಂದವು

ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ, ಸೋತ ದಕ್ಷಿಣದ ರಾಜ್ಯಗಳನ್ನು ಏನು ಮಾಡಬೇಕು ಅಂತ ನಡೆದ ಜಗಳವನ್ನು ಇಬ್ಬರು ಆಡುವ ಕಾರ್ಡ್ ಆಟ ಮಾಡುತ್ತಿದ್ದೇನಲ್ಲ, ಅದು ಈಗ ಒಂದು ರೂಪಕ್ಕೆ ಬಂದಿದೆ. ಒಬ್ಬರು ಅಧ್ಯಕ್ಷ ಆಂಡ್ರ್ಯೂ ಜಾನ್ಸನ್. ಇನ್ನೊಬ್ಬರು ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು.

ಶುರುವಿನ ಸುತ್ತುಗಳು ಪೂರ್ತಿ ಜಾನ್ಸನ್ ಕೈಯಲ್ಲಿ. 1865ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಲಿಂಕನ್ ಕೊಲೆಯಾಗಿ ಜಾನ್ಸನ್ ಅಧ್ಯಕ್ಷನಾದ. ಕಾಂಗ್ರೆಸ್ ಸೇರಿದ್ದು ಡಿಸೆಂಬರ್‌ನಲ್ಲಿ. ಅಷ್ಟರೊಳಗೆ ಜಾನ್ಸನ್ ದಕ್ಷಿಣದವರಿಗೆ ಕ್ಷಮಾದಾನ ಹಂಚಿ, ಅಲ್ಲಿ ಹೊಸ ಸರ್ಕಾರಗಳನ್ನೂ ನಿಲ್ಲಿಸಿಬಿಟ್ಟ. ಬಿಡುಗಡೆಯಾದ ಕಪ್ಪು ಜನರನ್ನು ಮತ್ತೆ ಕಟ್ಟಿಹಾಕುವ ಕಾನೂನುಗಳು ಆ ಸರ್ಕಾರಗಳಿಂದಲೇ ಬಂದವು.

ಈ ಸಲ ಜಾಸ್ತಿ ಕೆಲಸ ಮಾಡಿದ್ದು ಕುರ್ಚಿಗಳ ಮೇಲೆ. ರಟ್ಟಿನಲ್ಲಿ ಕತ್ತರಿಸಿದ ಪುಟ್ಟ ಬಿಲ್ಲೆಗಳು, ಒಂದೊಂದೂ ಕಾಂಗ್ರೆಸ್‌ನ ಒಂದು ಸ್ಥಾನ. ದಕ್ಷಿಣದಿಂದ ಆರಿಸಿ ಬಂದವರನ್ನು ಕಾಂಗ್ರೆಸ್ ಒಳಗೇ ಬಿಟ್ಟುಕೊಳ್ಳಲಿಲ್ಲ. ಅಧ್ಯಕ್ಷ ಮಸೂದೆಯನ್ನು ತಡೆಹಿಡಿದರೆ ಅದು ವೀಟೋ, ಅದನ್ನು ಮುರಿಯಲು ಕಾಂಗ್ರೆಸ್‌ನ ಎರಡೂ ಸದನಗಳಲ್ಲಿ ಮೂರರಲ್ಲಿ ಎರಡು ಪಾಲು ಮತ ಬೇಕು. ಯಾರು ಒಳಗೆ ಕೂರುತ್ತಾರೆ ಅನ್ನುವುದೇ ನಿಜವಾದ ಆಟ. 1866ರ ಫೆಬ್ರವರಿಯಲ್ಲಿ ಫ್ರೀಡ್‌ಮೆನ್ಸ್ ಬ್ಯೂರೋ (ಬಿಡುಗಡೆಯಾದವರಿಗೆ ನೆರವಾಗುವ ಸರ್ಕಾರಿ ಸಂಸ್ಥೆ) ಮಸೂದೆಗೆ ಮೇಲ್ಮನೆ ಸೆನೆಟ್‌ನಲ್ಲಿ ಬಿದ್ದದ್ದು 30–18. ಬೇಕಿದ್ದದ್ದು 32, ವೀಟೋ ಉಳಿಯಿತು. ಮಾರ್ಚ್‌ನಲ್ಲಿ ಜಾನ್ಸನ್ ಕಡೆಗಿದ್ದ ನ್ಯೂಜೆರ್ಸಿಯ ಡೆಮಾಕ್ರಟ್ ಸ್ಟಾಕ್‌ಟನ್‌ನ ಆಯ್ಕೆಯೇ ಸರಿಯಿಲ್ಲ ಅಂತ ಸೆನೆಟ್ ಅವನನ್ನು ಎಬ್ಬಿಸಿ ಕಳಿಸಿತು. ಏಪ್ರಿಲ್‌ನಲ್ಲಿ ನಾಗರಿಕ ಹಕ್ಕುಗಳ ಮಸೂದೆಗೆ 33–15, ವೀಟೋ ಮುರಿಯಿತು. ‘ಸ್ಟಾಕ್‌ಟನ್’ ಕಾರ್ಡ್ ಎಳೆದರೆ ಎದುರಾಳಿಯ ಒಂದು ಬಿಲ್ಲೆ ಹೊರಗೆ. ಒಳ್ಳೆಯ ಉದ್ದೇಶಕ್ಕೆ ಒರಟು ಆಟ, ನನಗಂತೂ ಇದೇ ಇಷ್ಟದ ಕಾರ್ಡ್.

ಆಡಿ ನೋಡಿದ ತಮ್ಮ ಕೇಳಿದ: “1867ರ ಮೇಲೆ ಜಾನ್ಸನ್ ಸುಮ್ನೆ ವೀಟೋ ಹಾಕಿ ಸೋಲೋದೇ ಅಲ್ವಾ?” ಮಾತು ನಿಜ. ಅವನ 29 ವೀಟೋಗಳಲ್ಲಿ 15 ಮುರಿದುಬಿದ್ದವು. ಆದರೆ ಕಾನೂನು ಜಾರಿ ಮಾಡುವವರು ಅಧ್ಯಕ್ಷನ ಕೈಕೆಳಗೇ ಇರುತ್ತಾರೆ. ದಕ್ಷಿಣವನ್ನು 5 ಸೇನಾ ಜಿಲ್ಲೆ ಮಾಡಿದ ಮೇಲೆ, ಕಟ್ಟುನಿಟ್ಟಾಗಿದ್ದ ಜನರಲ್ ಶೆರಿಡನ್‌ನನ್ನು ಅವನು ಎತ್ತಂಗಡಿ ಮಾಡಿಸಿದ. ಹಾಗಾಗಿ ಜಾನ್ಸನ್‌ಗೆ ‘ಎತ್ತಂಗಡಿ’ ಕಾರ್ಡುಗಳನ್ನು ಸೇರಿಸಿದೆ. ಆಟ ತಕ್ಷಣ ಬಿಗಿಯಾಯಿತು.

ಆದರೆ ಕಾಂಗ್ರೆಸ್ ಪರವಾಗಿದ್ದ ಯುದ್ಧ ಕಾರ್ಯದರ್ಶಿ (ಯುದ್ಧ ಮಂತ್ರಿ) ಸ್ಟ್ಯಾಂಟನ್ ಮೇಲೆ ಆ ಕಾರ್ಡ್ ಹಾಕಿದರೆ ಮಹಾಭಿಯೋಗದ, ಅಂದರೆ ಅಧ್ಯಕ್ಷನನ್ನೇ ಕೆಳಗಿಳಿಸುವ ವಿಚಾರಣೆಯ, ಸುತ್ತು ಶುರು. 1868ರ ಮೇನಲ್ಲಿ ಸೆನೆಟ್ ಮತ 35–19, ಪದಚ್ಯುತಿಗೆ ಒಂದೇ ಮತ ಕಮ್ಮಿ. ಕಾಂಗ್ರೆಸ್‌ನಲ್ಲಿ ಬಹುಮತವಿದ್ದ ರಿಪಬ್ಲಿಕನ್ನರಲ್ಲೇ 7 ಜನ ಜಾನ್ಸನ್ ಕಡೆ ಮತ ಹಾಕಿದ್ದರು. ಜಾನ್ಸನ್ ಹೋಗಿದ್ದರೆ ಅಧ್ಯಕ್ಷ ಪದವಿ ಸೆನೆಟ್‌ನ ರಿಪಬ್ಲಿಕನ್ ಸಭಾಧ್ಯಕ್ಷ ಬೆಂಜಮಿನ್ ವೇಡ್‌ಗೆ ಸಿಗುತ್ತಿತ್ತು, ವೇಡ್ ಅಂದರೆ ಸ್ವಪಕ್ಷದಲ್ಲೇ ಹಲವರಿಗೆ ಆಗುತ್ತಿರಲಿಲ್ಲ. ಆ ಏಳು ಬಿಲ್ಲೆಗಳು ಯಾವಾಗ ಜಾನ್ಸನ್ ಕಡೆಗೆ ತಿರುಗಬೇಕು ಅನ್ನುವ ನಿಯಮ ಇನ್ನೂ ಬರೆಯಬೇಕು. ದಾಳಕ್ಕೆ ಬಿಡುವ ಮನಸ್ಸಿಲ್ಲ. ವೇಡ್ ಕಾರ್ಡ್ ಮೇಜಿನ ಮೇಲಿದ್ದರೆ ಮಾತ್ರ ತಿರುಗಲಿ ಅಂತ ಯೋಚನೆ.