ರಾಗಿ ಹೊಲದ ಸಲಗ ಮತ್ತು ಐಐಎಸ್‌ಸಿ ಪ್ರೊಫೆಸರು

ಆನೆಗಳ ಬಗ್ಗೆ ಸಂಶೋಧನೆ ಮಾಡೋ ಪ್ರೊಫೆಸರ್ ರಾಮನ್ ಸುಕುಮಾರ್ ಬಗ್ಗೆ ಎಲ್ಲಿ ಓದಿದ್ರೂ ಪ್ರಶಸ್ತಿ ಪಟ್ಟಿನೇ, 2003ರ ವಿಟ್ಲಿ ಗೋಲ್ಡ್, 2006ರ ಕಾಸ್ಮಾಸ್... ಇರ್ಲಿ ಬಿಡಿ, ಹೆಮ್ಮೆನೇ. ನಂಗೆ ಮಾತ್ರ ಅವ್ರ ಪಿಎಚ್‌ಡಿ ಕೆಲ್ಸನೇ ಇಷ್ಟ. ಮದ್ರಾಸಿನ ಹುಡುಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ (ಐಐಎಸ್‌ಸಿ) ಬಂದು, ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಹತ್ರ ಸೇರ್ಕೊಂಡು, 80ರ ದಶಕದ ಶುರುವಲ್ಲಿ ಚಾಮರಾಜನಗರ, ಸತ್ಯಮಂಗಲದ ಕಾಡಂಚಿನ ಊರುಗಳಲ್ಲಿ ಆನೆ ತಿಂದು ತುಳಿದು ಹೋದ ಹೊಲಗಳ ಲೆಕ್ಕ ಹಾಕ್ತಾ ಓಡಾಡಿದ್ರು.

ಆ ಕಡೆ ರಾಗಿ ತೆನೆ ಕಟ್ಟೋ ಟೈಮಲ್ಲಿ ರೈತರಿಗೆ ನಿದ್ದೆ ಇರಲ್ಲ, ಅಟ್ಟಣೆ ಮೇಲೆ ಕೂತು ತಮಟೆ ಪಟಾಕಿ ಇಟ್ಕೊಂಡು ಕಾಯ್ತಾರೆ, ಆದ್ರೂ ಸಲಗ ಬಂದೇ ಬರುತ್ತೆ. ಯಾಕೆ ಅದೇ ಬರುತ್ತೆ? ಸುಕುಮಾರ್ ಲೆಕ್ಕದಲ್ಲಿ ಒಂದು ದೊಡ್ಡ ಗಂಡಾನೆ ವರ್ಷಕ್ಕೆ ಸರಾಸರಿ 49 ರಾತ್ರಿ ಹೊಲಕ್ಕೆ ನುಗ್ಗಿದ್ರೆ, ಹಿಂಡಲ್ಲಿರೋ ಆನೆ ಬರೋದು 8 ರಾತ್ರಿ. ಕಾಡಿನ ಹುಲ್ಲಿಗಿಂತ ಬೆಳೆಲಿ ಪ್ರೋಟೀನು, ಸೋಡಿಯಂ ಎಲ್ಲ ಜಾಸ್ತಿ, ಚೆನ್ನಾಗಿ ತಿಂದು ಮೈ ಬೆಳೆಸ್ಕೊಂಡ ಗಂಡಿಗೆ ಹೆಣ್ಣು ಸಿಗೋ ಚಾನ್ಸೂ ಜಾಸ್ತಿ, ಹಾಗಾಗಿ ಗುಂಡೇಟಿನ ಅಪಾಯ ಇದ್ರೂ ಅದಕ್ಕೆ ಲಾಭನೇ ಅನ್ನೋದು ಅವ್ರ ವಾದ. ಮರಿ ಕಟ್ಕೊಂಡಿರೋ ಹೆಣ್ಣಾನೆ ಅಷ್ಟು ರಿಸ್ಕ್ ತಗೊಳಲ್ಲ. ಆನೆಗೆ ಹುಚ್ಚು ಹಿಡಿದಿದೆ ಅಂತ ಟೀವಿಲಿ ಕಿರುಚೋರು ಇದನ್ನ ಒಂದ್ಸಲ ಓದ್ಬೇಕು.

ಆಮೇಲೆ 1986ರಲ್ಲಿ ಐಐಎಸ್‌ಸಿಲೇ ಮೇಷ್ಟ್ರಾದ್ರು. 1988ರಲ್ಲಿ ಮುದುಮಲೆ ಕಾಡಲ್ಲಿ 50 ಹೆಕ್ಟೇರ್ ಜಾಗ ಗುರುತು ಮಾಡಿ, ಒಂದು ಸೆಂಟಿಮೀಟರ್ ದಪ್ಪ ಇರೋ ಗಿಡದಿಂದ ಹಿಡಿದು 25 ಸಾವಿರಕ್ಕೂ ಹೆಚ್ಚು ಗಿಡಮರಗಳಿಗೆ ನಂಬರ್ ಹಾಕಿದ್ರು, ಆಮೇಲೆ ಯಾವ್ದು ಸತ್ತಿತು ಯಾವ್ದು ಹೊಸದಾಗಿ ಬಂತು ಅಂತ ವರ್ಷ ವರ್ಷ ನೋಡೋದು. ದಾಸವಾಳದ ಬಳಗದ ಒಂದು ಮರನ ಆನೆಗಳು ಎಷ್ಟು ಬೇಗ ಕಡಿಮೆ ಮಾಡಿಬಿಟ್ವು ಅನ್ನೋದು ಗೊತ್ತಾಗಿದ್ದೂ ಈ ಲೆಕ್ಕದಿಂದ್ಲೇ. ಇಂಥ ಕೆಲ್ಸ ಮೂರು ವರ್ಷದ ಗ್ರಾಂಟಲ್ಲಿ ಮುಗಿಯೋದಲ್ಲ ಸ್ವಾಮಿ!

ಹೈಕೋರ್ಟು ನೇಮಿಸಿದ ಕರ್ನಾಟಕದ ಆನೆ ಟಾಸ್ಕ್ ಫೋರ್ಸಿಗೂ ಇವ್ರೇ ಅಧ್ಯಕ್ಷರಾಗಿದ್ರು, 2012ರಲ್ಲಿ ವರದಿ ಕೊಟ್ರು. ಅದ್ರಲ್ಲಿ ಆನೆಗೆ ಮೀಸಲಾದ ಕಾಡು, ಆನೆ ಮನುಷ್ಯ ಇಬ್ರೂ ಹೊಂದ್ಕೊಂಡು ಹೋಗ್ಬೇಕಾದ ಜಾಗ, ಆನೆ ಇರಲೇಬಾರದ ಜಾಗ ಅಂತ ಬೇರೆ ಬೇರೆ ಮಾಡಿದ್ದಾರೆ. ಹಾಸನದ ಆಲೂರು ಕಡೆ ಆನೆಗಳನ್ನ ಹಿಡಿದು ಸಾಗಿಸಿ ಅಂದ್ರು. ಜೀವಮಾನ ಪೂರ್ತಿ ಆನೆಗೆ ಕೊಟ್ಟವ್ರು ಹೀಗೆ ಬರೆಯೋಕೆ ಧೈರ್ಯ ಬೇಕು, ಆ ರಾಗಿ ಹೊಲಗಳನ್ನ ನೋಡಿದ್ರಿಂದ್ಲೇ ಬಂದಿದ್ದು ಅನ್ಸುತ್ತೆ ನಂಗೆ. ಹಿಡಿದು ಸಾಗಿಸಿದ್ದೂ ಆಯ್ತು, ಆದ್ರೂ ಆಲೂರು ಸಕಲೇಶಪುರದ ತೋಟಗಳಿಗೆ ಆನೆ ಬರೋದು ಇನ್ನೂ ನಿಂತಿಲ್ಲ.