ಎಂಟಿಂಚಿನ ದೂರದರ್ಶಕಕ್ಕೆ ಐಪೀಸ್ ಹೊಂದಿಸುವ ಕೆಲಸ: ಹದಿಮೂರು ತಿಂಗಳ ದಾಖಲೆ

ಡಿಸೆಂಬರ್ 2024

ಅರಸೀಕೆರೆ ತಾಲ್ಲೂಕಿನ ನಮ್ಮ ಹಳ್ಳಿಯ ಕಣದಲ್ಲಿ ಎಂಟಿಂಚಿನ ಡಾಬ್ಸೋನಿಯನ್ ದೂರದರ್ಶಕವನ್ನು ಮೊದಲ ಬಾರಿಗೆ ನಿಲ್ಲಿಸಿದ್ದು ಈ ತಿಂಗಳ ಮೊದಲ ವಾರದಲ್ಲಿ. ರಾಗಿ ಕೊಯ್ಲು ಮುಗಿದು ಮೆದೆ ಒಟ್ಟಾಗಿತ್ತು, ಕಣ ಖಾಲಿ ಇತ್ತು. ಮನೆಯ ಸುತ್ತಲಿನ ತೆಂಗಿನ ತೋಟ ದಿಗಂತವನ್ನು ಮುಚ್ಚಿಬಿಡುತ್ತದೆ. ಕಣವಾದರೋ ದಿಣ್ಣೆಯ ಮೇಲಿದ್ದು ದಕ್ಷಿಣಕ್ಕೆ ಪೂರ್ತಿ ತೆರೆದುಕೊಂಡಿದೆ. ನಾನು ಹಾಸನದಲ್ಲಿ ನೌಕರಿಯಲ್ಲಿರುವುದರಿಂದ ಅಮಾವಾಸ್ಯೆಗೆ ಹತ್ತಿರದ ಶನಿವಾರಗಳಂದು ಮಾತ್ರ ಊರಿಗೆ ಬಂದು ನೋಡುವುದೆಂದು ನಿಶ್ಚಯಿಸಿದ್ದೇನೆ.

ಇದಕ್ಕೆ ಮೊದಲು ನನ್ನ ಬಳಿ ಇದ್ದದ್ದು 70 ಮಿಲಿಮೀಟರ್ ಮಸೂರದ, 700 ಮಿಲಿಮೀಟರ್ ಸಂಗಮ ದೂರದ (ಮಸೂರದಿಂದ ಬೆಳಕು ಒಂದೆಡೆ ಕೂಡುವ ಬಿಂದುವಿನವರೆಗಿನ ದೂರ) ಚಿಕ್ಕ ದೂರದರ್ಶಕ. ಅದರ ಪೆಟ್ಟಿಗೆಯ ಮೇಲೆ 525 ಪಟ್ಟು ವರ್ಧನೆ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು. ಲೆಕ್ಕವೇನೋ ಸರಿಯೇ: 700ನ್ನು 4 ಮಿಲಿಮೀಟರಿನ ಐಪೀಸ್‌ನಿಂದ, ಅಂದರೆ ಕಣ್ಣಿಟ್ಟು ನೋಡುವ ಬಿಡಿ ಮಸೂರದ ಸಂಗಮ ದೂರದಿಂದ, ಭಾಗಿಸಿದರೆ 175, ಅದಕ್ಕೆ ಮೂರು ಪಟ್ಟಿನ ಬಾರ್ಲೋ ಮಸೂರ ಸೇರಿಸಿದರೆ 525. ಆದರೆ ಮಸೂರದ ಪ್ರತಿ ಮಿಲಿಮೀಟರ್ ವ್ಯಾಸಕ್ಕೆ ಎರಡು ಪಟ್ಟಿನಂತೆ, ಅಂದರೆ ಸುಮಾರು 140ನ್ನು ದಾಟಿದ ಮೇಲೆ ಆ ಮಸೂರಕ್ಕೆ ಹೊಸದಾಗಿ ತೋರಿಸುವ ವಿವರ ಉಳಿದಿರುವುದಿಲ್ಲ. ಬಿಂಬ ದೊಡ್ಡದಾಗುತ್ತದೆ, ಮಂಕಾಗುತ್ತದೆ, ಅಷ್ಟೇ. ಈ ಒಂದು ಸಂಗತಿ ತಿಳಿಯಲು ನನಗೆ ಎರಡು ಚಳಿಗಾಲಗಳು ಬೇಕಾದವು.

ಹೊಸ ದೂರದರ್ಶಕದ ಕನ್ನಡಿ 203 ಮಿಲಿಮೀಟರ್ ಅಗಲವಿದ್ದು, ಸಂಗಮ ದೂರ 1200 ಮಿಲಿಮೀಟರ್. ಹಳೆಯದಕ್ಕಿಂತ ಎಂಟು ಪಟ್ಟಿಗೂ ಹೆಚ್ಚು ಬೆಳಕನ್ನು ಇದು ಹಿಡಿಯುತ್ತದೆ. ಡಾಬ್ಸೋನಿಯನ್ ಮಾದರಿಯನ್ನೇ ಆರಿಸಿದ್ದಕ್ಕೆ ಕಾರಣ ಸರಳ: ಹಣವೆಲ್ಲ ಕನ್ನಡಿಗೆ ಹೋಗುತ್ತದೆ, ಮೋಟಾರು ಮತ್ತು ಸ್ಟ್ಯಾಂಡಿಗಲ್ಲ. ಈ ಮಾದರಿಯನ್ನು ಬಳಕೆಗೆ ತಂದ ಜಾನ್ ಡಾಬ್ಸನ್ ಸ್ಯಾನ್ ಫ್ರಾನ್ಸಿಸ್ಕೋದ ರಾಮಕೃಷ್ಣ ಸಂಪ್ರದಾಯದ ವೇದಾಂತ ಆಶ್ರಮದಲ್ಲಿ 1944ರಿಂದ 1967ರವರೆಗೆ ಸಂನ್ಯಾಸಿಯಾಗಿದ್ದವರು. ಹಡಗಿನ ಕಿಟಕಿಯ ದಪ್ಪ ಗಾಜನ್ನು ಕೈಯಿಂದಲೇ ತೇಯ್ದು ಕನ್ನಡಿ ಮಾಡಿ, ಬೀದಿಯಲ್ಲಿ ನಿಂತು ದಾರಿಹೋಕರಿಗೆ ಚಂದ್ರನನ್ನು ತೋರಿಸಿದವರು. ಕಣದಲ್ಲಿ ಅವ್ವನಿಗೂ ಪಕ್ಕದ ಮನೆಯ ಮಕ್ಕಳಿಗೂ ಆಕಾಶ ತೋರಿಸಲು ಹೊರಟ ನನಗೆ ಅವರ ಉಪಕರಣವೇ ತಕ್ಕದ್ದೆನಿಸಿತು.

ಜೊತೆಗೆ ಬಂದ ಐಪೀಸ್‌ಗಳು ಎರಡು, 25 ಮಿಲಿಮೀಟರ್ ಮತ್ತು 10 ಮಿಲಿಮೀಟರ್. ವರ್ಧನೆ 48 ಮತ್ತು 120. ಕೂಡಲೇ ಇನ್ನಷ್ಟನ್ನು ತರಿಸುವ ಆಸೆಯನ್ನು ತಡೆದು, ಒಂದು ಪುಸ್ತಕ ಹಾಕಿದ್ದೇನೆ. ಪ್ರತಿ ರಾತ್ರಿ ಏನನ್ನು ನೋಡಿದೆ, ಯಾವ ಐಪೀಸ್ ಹಾಕಿದೆ, ಯಾವುದು ಇಲ್ಲದೆ ಕೈ ಕಟ್ಟಿದಂತಾಯಿತು ಎಂಬ ಮೂರು ವಿಷಯಗಳನ್ನು ಅದರಲ್ಲಿ ಬರೆಯಬೇಕು. ಮೂರನೆಯ ಅಂಕಣದಲ್ಲಿ ಒಂದೇ ಕೊರತೆ ಮತ್ತೆ ಮತ್ತೆ ಬಂದರೆ ಮಾತ್ರ ಖರೀದಿ.

ಜನವರಿ 2025

ಹದಿನಾರರಂದು ಮಂಗಳನ ವಿಯುತಿ, ಅಂದರೆ ಭೂಮಿಯಿಂದ ನೋಡಿದಾಗ ಅವನು ಸೂರ್ಯನಿಗೆ ನೇರ ಎದುರಿಗಿರುವ ದಿನ. ಗುರುವೂ ವೃಷಭ ರಾಶಿಯಲ್ಲಿ ನೆತ್ತಿಯ ಹತ್ತಿರವೇ ಇದ್ದ. ಕಣದಲ್ಲಿ ಒಕ್ಕಣೆ ನಡೆದಿದ್ದರಿಂದ ಹೊಟ್ಟಿನ ದೂಳು ಕನ್ನಡಿಗೆ ಬೀಳಬಾರದೆಂದು ದೂರದರ್ಶಕವನ್ನು ಅಂಗಳಕ್ಕೆ ತಂದಿದ್ದೆ. ಮಂಗಳ ಮಧ್ಯಕ್ಕೆ ಬಂದಾಗ ಹಳೆಯ ಬಾರ್ಲೋ ಮಸೂರದೊಂದಿಗೆ 10 ಮಿಲಿಮೀಟರಿನ ಐಪೀಸ್ ಸಿಕ್ಕಿಸಿ 360 ಪಟ್ಟಿಗೆ ಏರಿಸಿದೆ. ಉತ್ತರ ಧ್ರುವದ ಬಿಳಿ ಟೋಪಿ ಸ್ಪಷ್ಟವಾಗಿ ಕಾಣುತ್ತಿತ್ತು. ಅವ್ವನನ್ನು ಕರೆದೆ. ಅವಳು ಸೆರಗು ಸರಿಪಡಿಸಿಕೊಂಡು, ಕೊಳವೆಗೆ ಕೈ ತಾಗದಂತೆ ಎಚ್ಚರದಿಂದ ಬಗ್ಗಿ, ಐಪೀಸ್‌ಗೆ ಕಣ್ಣು ಹೊಂದಿಸಿಕೊಳ್ಳುವಷ್ಟರಲ್ಲಿ ಮಂಗಳ ನೋಟದಿಂದ ಜಾರಿಹೋಗಿದ್ದ. ‘ಏನೂ ಕಾಣ್ತಿಲ್ವಲ್ಲಪ್ಪಾ, ಬರೀ ಕತ್ಲೆ’ ಎಂದಳು. ಮತ್ತೆ ಹುಡುಕಿ ತೋರಿಸಿದೆ, ಮತ್ತೆ ಹಾಗೆಯೇ ಆಯಿತು. ಮೂರನೆಯ ಸಲ ಅವಳು ‘ಚಳಿ ಆಯ್ತದೆ, ನೀನೇ ನೋಡ್ಕೊ’ ಎಂದು ಒಳಗೆ ಹೋದಳು. ಅಂದು ನನಗೆ ಬಹಳ ಬೇಸರವಾಯಿತು.

ಡಾಬ್ಸೋನಿಯನ್‌ಗೆ ಮೋಟಾರಿಲ್ಲ; ಭೂಮಿ ತಿರುಗಿದಂತೆ ಕಾಯಗಳು ನೋಟದಲ್ಲಿ ಸರಿಯುತ್ತಲೇ ಇರುತ್ತವೆ. ಆಕಾಶದ ವಿಷುವದ್ವೃತ್ತದ ಬಳಿ ಈ ವೇಗ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು). 200 ಪಟ್ಟು ವರ್ಧನೆಯಲ್ಲಿ, 50 ಡಿಗ್ರಿ ತೋರ್ಕೆಯ ನೋಟ (ಕಣ್ಣಿಟ್ಟಾಗ ಕಾಣುವ ವೃತ್ತದ ಅಗಲ) ಇರುವ ಸಾಧಾರಣ ಐಪೀಸ್ ಆಕಾಶದ ಕಾಲು ಡಿಗ್ರಿಯನ್ನು ತೋರಿಸುತ್ತದೆ. ಅಂದರೆ ಗ್ರಹವೊಂದು ಒಂದು ಅಂಚಿನಿಂದ ಇನ್ನೊಂದಕ್ಕೆ ಒಂದು ನಿಮಿಷದಲ್ಲಿ ದಾಟುತ್ತದೆ. ಮಧ್ಯದಲ್ಲಿಟ್ಟು ಪಕ್ಕಕ್ಕೆ ಸರಿದು ನಿಂತರೆ ನೋಡುವವರಿಗೆ ಸಿಗುವುದು ಅರ್ಧ ನಿಮಿಷ. ಅದೇ ವರ್ಧನೆಯಲ್ಲಿ 82 ಡಿಗ್ರಿ ನೋಟದ ಐಪೀಸ್ ಆದರೆ ಪೂರ್ತಿ ದಾಟಲು 98 ಸೆಕೆಂಡ್ ಹಿಡಿಯುತ್ತದೆ, ಮತ್ತು ಮಧ್ಯಕ್ಕೆ ಬದಲು ಪೂರ್ವದ ಅಂಚಿನಲ್ಲಿ ಇಟ್ಟುಕೊಟ್ಟರೆ ಬಹುಪಾಲು ಸಮಯವೆಲ್ಲ ನೋಡುವವರದೇ. ಅಗಲ ನೋಟವೆಂದರೆ ಬರೀ ಶ್ರೀಮಂತಿಕೆಯ ವೈಭವ ಎಂದು ಅದುವರೆಗೆ ತಿಳಿದಿದ್ದೆ. ಮೋಟಾರಿಲ್ಲದ ದೂರದರ್ಶಕದಲ್ಲಿ ಅದು ಸಮಯವನ್ನು ಕೊಡುವ ವಸ್ತು.

1980ರ ಸುಮಾರಿಗೆ ಆಲ್ ನಾಗ್ಲರ್ ಈ 82 ಡಿಗ್ರಿಯ ಐಪೀಸ್‌ಗಳನ್ನು ಹವ್ಯಾಸಿಗಳಿಗೆ ಒದಗಿಸಿದರು. ಅದಕ್ಕೆ ಮೊದಲು ಅವರು ಅಪೋಲೋ ಗಗನಯಾತ್ರಿಗಳ ತರಬೇತಿಯ ಸಿಮ್ಯುಲೇಟರುಗಳಿಗೆ ದೃಗ್ವ್ಯವಸ್ಥೆ ರೂಪಿಸಿದವರು. ಅವರ ಕಂಪನಿಯ ಐಪೀಸ್ ನನ್ನ ಕೈಗೆಟುಕುವುದಲ್ಲ. ಅದೇ ಮಾದರಿಯನ್ನು ಅನುಸರಿಸಿ ಮಾಡಿದ, ಅಗ್ಗದ 6 ಮಿಲಿಮೀಟರಿನದೊಂದನ್ನು ತರಿಸಿದ್ದೇನೆ. ಮೊದಲ ಖರೀದಿ ಇದು.

ಏಪ್ರಿಲ್ 2025

ನನ್ನ ಕನ್ನಡಕದಲ್ಲಿ ಮೈನಸ್ 2 ಮತ್ತು ಸಿಲಿಂಡರ್ 1.25 ಇದೆ; ಸಿಲಿಂಡರ್ ಎಂದರೆ ಕಣ್ಣಿನ ವಕ್ರತೆ ಎಲ್ಲ ದಿಕ್ಕಿಗೂ ಸಮನಾಗಿಲ್ಲದ ದೋಷಕ್ಕೆ ಕೊಡುವ ಅಂಕಿ. ಐಪೀಸ್ ಆರಿಸುವುದರಲ್ಲಿ ಈ ಸಿಲಿಂಡರ್ ಎಂಬ ಚಿಕ್ಕ ಅಂಕಿ ಎಷ್ಟು ದೊಡ್ಡ ಪಾತ್ರ ವಹಿಸುತ್ತದೆಂಬುದು ಈ ಎರಡು ತಿಂಗಳಲ್ಲಿ ಮನದಟ್ಟಾಯಿತು. ಮೈನಸ್ ಪವರನ್ನು ಫೋಕಸರ್ ತಿರುಗಿಸಿ ಸರಿದೂಗಿಸಬಹುದು. ಸಿಲಿಂಡರನ್ನು ಆಗದು, ಕನ್ನಡಕ ತೆಗೆದರೆ ನಕ್ಷತ್ರಗಳು ಚುಕ್ಕಿಗಳಾಗದೆ ಚಿಕ್ಕ ಗೀಟುಗಳಾಗುತ್ತವೆ. ಆದರೆ ಈ ದೋಷ ಎಲ್ಲ ಐಪೀಸ್‌ಗಳಲ್ಲೂ ಒಂದೇ ಸಮನಾಗಿ ಕಾಣುವುದಿಲ್ಲ.

ಐಪೀಸ್‌ನಿಂದ ಹೊರಬಂದು ಕಣ್ಣನ್ನು ಸೇರುವ ಬೆಳಕಿನ ಕಂಬದ ಅಗಲವನ್ನು ಎಕ್ಸಿಟ್ ಪ್ಯೂಪಿಲ್ ಎನ್ನುತ್ತಾರೆ. ಕನ್ನಡಿಯ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಅದು ಸಿಗುತ್ತದೆ. ನನ್ನ 25 ಮಿಲಿಮೀಟರಿನಲ್ಲಿ ಅದು 4.2 ಮಿಲಿಮೀಟರ್. ಕಣ್ಣಿನ ಪಾಪೆಯ ಬಹುಭಾಗ ಬಳಕೆಯಾಗುವುದರಿಂದ ಅದರ ವಕ್ರತೆಯ ದೋಷವೆಲ್ಲ ಬಿಂಬಕ್ಕೆ ಬರುತ್ತದೆ, ಕನ್ನಡಕ ಬೇಕೇ ಬೇಕು. 6 ಮಿಲಿಮೀಟರಿನಲ್ಲಿ ಅದು 1 ಮಿಲಿಮೀಟರ್ ಮಾತ್ರ. ಪಾಪೆಯ ನಟ್ಟನಡುವಿನ ಸೂಜಿಮೊನೆಯಷ್ಟು ಜಾಗದಿಂದ ಬೆಳಕು ಹೋಗುತ್ತದೆ, ದೋಷ ಕಾಣುವುದೇ ಇಲ್ಲ. ಕನ್ಯಾ ರಾಶಿಯ ಪೊರಿಮಾ ಜೋಡಿ ನಕ್ಷತ್ರವನ್ನು ಅದರಲ್ಲಿ ಕನ್ನಡಕವಿಲ್ಲದೆ ನೋಡಿದೆ. ಸುಮಾರು 3 ಆರ್ಕ್‌ಸೆಕೆಂಡ್ ಅಂತರದ, ಒಂದೇ ಪ್ರಕಾಶದ ಎರಡು ಬಿಳಿ ಚುಕ್ಕಿಗಳು ನಡುವೆ ಕರಿಯ ಸಂದು ಬಿಟ್ಟುಕೊಂಡು ಪಕ್ಕಪಕ್ಕದಲ್ಲಿ ನಿಂತಿದ್ದವು. ಈ ಜೋಡಿ 169 ವರ್ಷಕ್ಕೊಮ್ಮೆ ಒಂದನ್ನೊಂದು ಸುತ್ತುತ್ತದೆ. 2005ರಲ್ಲಿ ತೀರ ಹತ್ತಿರ ಬಂದಿದ್ದವು ಈಗ ವರ್ಷದಿಂದ ವರ್ಷಕ್ಕೆ ದೂರ ಸರಿಯುತ್ತಿವೆ.

ತೊಡಕು ಇರುವುದು ನಡುವಿನ ವರ್ಧನೆಯಲ್ಲಿ. ಗೆಲಾಕ್ಸಿಗಳಿಗೆ 2ರಿಂದ 3 ಮಿಲಿಮೀಟರ್ ಎಕ್ಸಿಟ್ ಪ್ಯೂಪಿಲ್ ಬಹಳ ಚೆನ್ನ. ಹಿನ್ನೆಲೆಯ ಆಕಾಶ ಕಪ್ಪಾಗುತ್ತದೆ, ಮಂದ ಕಾಯ ಇನ್ನೂ ಉಳಿದಿರುತ್ತದೆ. ಅದಕ್ಕಾಗಿ ಗೆಳೆಯರೊಬ್ಬರಿಂದ 15 ಮಿಲಿಮೀಟರಿನ ಪ್ಲೋಸೆಲ್ ತಂದು ಪರೀಕ್ಷಿಸಿದೆ. ವಿಯೆನ್ನಾದ ಗೆಯೋರ್ಗ್ ಸೈಮನ್ ಪ್ಲೋಸೆಲ್ 1860ರಲ್ಲಿ ರೂಪಿಸಿದ ಈ ಮಾದರಿ ಇಂದಿಗೂ ಹಣಕ್ಕೆ ಮೋಸವಿಲ್ಲದ್ದು; ಬಿಂಬ ನಿಚ್ಚಳ. ಆದರೆ ಪ್ಲೋಸೆಲ್‌ನಲ್ಲಿ ಕಣ್ಣನ್ನು ಇಡಬೇಕಾದ ದೂರ, ಅಂದರೆ ಐ ರಿಲೀಫ್, ಸಂಗಮ ದೂರದ ಮುಕ್ಕಾಲು ಪಾಲಿನ ಆಸುಪಾಸಿನಲ್ಲಿರುತ್ತದೆ. 15 ಮಿಲಿಮೀಟರಿನದಕ್ಕೆ ಅದು ಹನ್ನೊಂದರ ಸುಮಾರು. ಕನ್ನಡಕ ಹಾಕಿಕೊಂಡರೆ ಅಂಚು ಕಾಣದು, ತೆಗೆದರೆ 2.5 ಮಿಲಿಮೀಟರಿನ ಕಂಬದಲ್ಲಿ ನಕ್ಷತ್ರಗಳು ಗೀಟಾಗುತ್ತವೆ. ಎರಡೂ ಕಡೆಯಿಂದ ನಷ್ಟ. ಪುಸ್ತಕದ ಮೂರನೆಯ ಅಂಕಣದಲ್ಲಿ ನಾಲ್ಕು ರಾತ್ರಿ ಇದೇ ಮಾತು ಬಂದ ಮೇಲೆ, 20 ಮಿಲಿಮೀಟರ್ ಐ ರಿಲೀಫ್ ಮತ್ತು 65 ಡಿಗ್ರಿ ನೋಟವಿರುವ 15 ಮಿಲಿಮೀಟರಿನ ಐಪೀಸ್ ಕೊಂಡೆ. ಸಿಲಿಂಡರ್ ಇರುವವರು ಅಂಗಡಿಯ ಪಟ್ಟಿಯಲ್ಲಿ ಮೊದಲು ನೋಡಬೇಕಾದ ಅಂಕಿ ಐ ರಿಲೀಫ್ ಎಂದು ನಾನು ಈಗ ದೃಢವಾಗಿ ನಂಬುತ್ತೇನೆ. ವರ್ಧನೆಯ ಲೆಕ್ಕ ಆಮೇಲಿನದು.

ಇಪ್ಪತ್ತಾರನೆಯ ತಾರೀಖು ಶನಿವಾರ, ಮರುದಿನ ಅಮಾವಾಸ್ಯೆ. ಸಿಂಹ ರಾಶಿಯ ಎಂ65, ಎಂ66 ಮತ್ತು ಎನ್‌ಜಿಸಿ 3628 ಎಂಬ ಮೂರು ಗೆಲಾಕ್ಸಿಗಳು 80 ಪಟ್ಟಿನಲ್ಲಿ, 0.8 ಡಿಗ್ರಿಯ ಒಂದೇ ನೋಟದೊಳಗೆ ಕೂತವು. ಮೂರನೆಯದು ಬಹಳ ಮಂದ. ಕಣ್ಣನ್ನು ತುಸು ಬದಿಗೆ ಸರಿಸಿ ನೋಡಿದಾಗ ಮಾತ್ರ ಉದ್ದನೆಯ ಮಸುಕು ಗೆರೆಯಾಗಿ ಮೂಡುತ್ತಿತ್ತು. ರಾತ್ರಿ ಹನ್ನೊಂದೂವರೆಗೆ ದಕ್ಷಿಣದಲ್ಲಿ ಒಮೇಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ ಅತಿ ಎತ್ತರಕ್ಕೆ ಬಂತು. ನಮ್ಮ 13 ಡಿಗ್ರಿ ಅಕ್ಷಾಂಶದಲ್ಲಿ ಅದು 29 ಡಿಗ್ರಿಯಷ್ಟು ಮೇಲೇರುತ್ತದೆ. ಯುರೋಪಿನ ಬಹುತೇಕ ವೀಕ್ಷಕರಿಗೆ ಅದು ದಿಗಂತದ ಮೇಲೆ ಬರುವುದೇ ಇಲ್ಲ. 25 ಮಿಲಿಮೀಟರಿನಲ್ಲಿ ಹಿಟ್ಟಿನ ಉಂಡೆಯಂತಿದ್ದ ಗುಚ್ಛ 15ರಲ್ಲಿ ಅಂಚಿನಿಂದ ನಡುವಿನವರೆಗೂ ಕಾಳುಕಾಳಾಗಿ ಬಿಡಿಸಿಕೊಂಡಿತು. ಜರಡಿಯಲ್ಲಿ ರಾಗಿ ಹರಡಿದ ಹಾಗೆ. ಒಂದು ಗಂಟೆ ಕಾಲ ಬೇರೆ ಯಾವುದರ ಕಡೆಗೂ ತಿರುಗಿಸಲು ಮನಸ್ಸಾಗಲಿಲ್ಲ.

ಜುಲೈ 2025

ಆಕಾಶವಿಲ್ಲ. ಹಾಸನದಲ್ಲಿ ಹದಿನೈದು ದಿನದಿಂದ ಜಡಿಮಳೆ.

ಐಪೀಸ್‌ಗಳನ್ನು ಒಮ್ಮೆ ನೋಡೋಣವೆಂದು ಪೆಟ್ಟಿಗೆ ತೆರೆದೆ. 10 ಮಿಲಿಮೀಟರಿನದನ್ನು ಟಾರ್ಚಿನ ಬೆಳಕಿಗೆ ಓರೆಯಾಗಿ ಹಿಡಿದಾಗ ಒಳಗಿನ ಮಸೂರದ ಅಂಚಿನಿಂದ ನಡುವಿಗೆ ಕೂದಲಿಗಿಂತ ಸಣ್ಣ ಎಳೆಗಳು, ಜೇಡ ಆಗಷ್ಟೇ ನೇಯಲು ತೊಡಗಿದ ಬಲೆಯಂತೆ, ಕವಲೊಡೆದು ಹರಡಿದ್ದವು. ಬೂಷ್ಟು. ಮೇ ತಿಂಗಳ ಕೊನೆಯ ರಾತ್ರಿ ಇಬ್ಬನಿ ಕೂತ ಐಪೀಸ್‌ಗೆ ಒಣಗಲು ಬಿಡದೆ ಮುಚ್ಚಳ ಹಾಕಿ, ಚರ್ಮದ ಚೀಲಕ್ಕೆ ಸೇರಿಸಿದ್ದೆ. ತೇವ, ಕತ್ತಲೆ, ಚರ್ಮ: ಬೂಷ್ಟಿಗೆ ಬೇಕಾದದ್ದೆಲ್ಲ ನಾನೇ ಒದಗಿಸಿದ್ದೆ.

ಬಿಚ್ಚಿ ತೊಳೆಯಲು ಒಂದು ಇಡೀ ಭಾನುವಾರ ಹಿಡಿಯಿತು. ಇದು ನಾಲ್ಕು ಗಾಜುಗಳ ಪ್ಲೋಸೆಲ್. ಎರಡೆರಡು ಅಂಟಿಸಿದ ಎರಡು ಜೋಡಿಗಳು, ನಡುವೆ ತೆಳು ಬಳೆ. ಬಿಗಿ ಉಂಗುರ ಸಡಿಲಿಸಿ, ಬಿಳಿ ಪಂಚೆಯ ಮೇಲೆ ಬಂದ ಕ್ರಮದಲ್ಲೇ ಇಟ್ಟು, ಪ್ರತಿಯೊಂದರ ಅಂಚಿನಲ್ಲಿ ಯಾವ ಮುಖ ಮೇಲೆಂದು ಪೆನ್ಸಿಲಿನಲ್ಲಿ ಗುರುತಿಸಿದೆ. ಮೊದಲು ಊದುಬುರುಡೆಯಿಂದ ದೂಳು ತೆಗೆದು, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆದ ಹತ್ತಿಯನ್ನು ಒತ್ತದೆ, ನಡುವಿನಿಂದ ಅಂಚಿಗೆ ಎಳೆದೆ. ಪ್ರತಿ ಎಳೆತಕ್ಕೂ ಹೊಸ ಹತ್ತಿ. ಮರಳಿ ಜೋಡಿಸುವಾಗ ಹೆಚ್ಚು ಉಬ್ಬಿದ ಮುಖಗಳು ಒಂದನ್ನೊಂದು ನೋಡುವಂತೆ ಇಡಬೇಕು. ಎಳೆಗಳು ಹೋದವು. ಆದರೆ ಒಂದು ಕಡೆ ಲೇಪನವನ್ನು ಕೊರೆದ ಗುರುತು, ಎಳ್ಳಿನ ಕಾಲು ಭಾಗದಷ್ಟು, ಉಳಿದೇಬಿಟ್ಟಿತು. ಬಿಂಬದಲ್ಲಿ ಅದು ಕಾಣುವುದಿಲ್ಲ. ಇದೆಯೆಂಬುದು ಮಾತ್ರ ನನಗೆ ಗೊತ್ತು.

ಈಗ ಎಲ್ಲವೂ ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿವೆ. ಕಿತ್ತಳೆ ಬಣ್ಣದ ಹರಳು ಹಸಿರಾದ ಕೂಡಲೇ ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಿಟ್ಟು ಒಣಗಿಸುತ್ತೇನೆ. ನೋಟ ಮುಗಿದ ರಾತ್ರಿ ಐಪೀಸ್‌ಗಳನ್ನು ಮುಚ್ಚಳವಿಲ್ಲದೆ ಒಳಮನೆಯ ಹಲಗೆಯ ಮೇಲೆ ಬೆಳಗಿನವರೆಗೆ ಬಿಡುವುದು ಈಗ ನಿಯಮ.

ಸೆಪ್ಟೆಂಬರ್ 2025

ಏಳರ ರಾತ್ರಿ ಪೂರ್ಣ ಚಂದ್ರಗ್ರಹಣ. 11ರಿಂದ 12.22ರವರೆಗಿನ ಪೂರ್ಣತೆಯಲ್ಲಿ ಮೋಡದ ಸಂದಿನಿಂದ ಮೂರು ಸಲ ತಾಮ್ರದ ಬಣ್ಣದ ಚಂದ್ರ ಸಿಕ್ಕಿದ. 25 ಮಿಲಿಮೀಟರ್ ಸಾಕಾಯಿತು.

ನವೆಂಬರ್ 2025

ಇಪ್ಪತ್ತೆರಡು, ಶನಿವಾರ. ಈ ಮಾರ್ಚಿನಲ್ಲಿ ಶನಿಯ ಉಂಗುರಗಳ ಸಮತಲವನ್ನು ಭೂಮಿ ದಾಟಿದಾಗ ಶನಿ ಸೂರ್ಯನ ಹತ್ತಿರವಿದ್ದು ಏನೂ ಕಾಣಲಿಲ್ಲ. ಈಗ ಉಂಗುರಗಳ ಓರೆ ಮತ್ತೆ ಅರ್ಧ ಡಿಗ್ರಿಗಿಂತ ಕಡಿಮೆಯಾಗಿದೆ. ಮುಸ್ಸಂಜೆಗೇ ದೂರದರ್ಶಕವನ್ನು ಹೊರಗಿಟ್ಟು ಮುಕ್ಕಾಲು ಗಂಟೆ ಕನ್ನಡಿಯನ್ನು ಆರಲು ಬಿಟ್ಟೆ. ಎಂಟು ಗಂಟೆಗೆ 6 ಮಿಲಿಮೀಟರ್ ಹಾಕಿ, ಶನಿಯನ್ನು ಪೂರ್ವದ ಅಂಚಿನಲ್ಲಿಟ್ಟು ಅವ್ವನನ್ನು ಕರೆದೆ. ಅವಳು ಬಗ್ಗಿದಳು. ಸ್ವಲ್ಪ ಹೊತ್ತು ಮಾತಿಲ್ಲ. ‘ಗೋಲಿಗೆ ದಬ್ಳ ಚುಚ್ಚಿದಂಗೈತೆ ಕಣಪ್ಪ’ ಎಂದಳು. ಉಂಗುರ ಆ ರಾತ್ರಿ ಇದ್ದದ್ದು ಹಾಗೆಯೇ. ಪುಸ್ತಕದಲ್ಲಿ ನಾನು ಬೇರೆ ವರ್ಣನೆ ಬರೆಯದೆ ಅವಳ ಮಾತನ್ನೇ ಬರೆದುಕೊಂಡೆ. ಶನಿ ಜಾರಿಹೋಗುವ ಮೊದಲು ಪಕ್ಕದ ಮನೆಯ ಇಬ್ಬರು ಮಕ್ಕಳೂ ನೋಡಿದರು.

ಜನವರಿ 2026

ಪುಸ್ತಕದಲ್ಲಿ ಈಗ ಮೂವತ್ತೊಂದು ರಾತ್ರಿಗಳಿವೆ. 15 ಮಿಲಿಮೀಟರನ್ನು ಇಪ್ಪತ್ತರಲ್ಲಿ ಬಳಸಿದ್ದೇನೆ, 25ನ್ನು ಬಹುತೇಕ ಎಲ್ಲದರಲ್ಲೂ. 6 ಮಿಲಿಮೀಟರ್ ಗಾಳಿ ಸ್ಥಿರವಾಗಿದ್ದ ಒಂಬತ್ತು ರಾತ್ರಿಗಳಲ್ಲಿ ಮಾತ್ರ ನಿಜವಾಗಿ ಉಪಯೋಗಕ್ಕೆ ಬಂತು. ತೊಳೆದ 10 ಮಿಲಿಮೀಟರ್ ಚಂದ್ರನಿಗೆ ಮೀಸಲು. ಹಳೆಯ ಬಾರ್ಲೋ ಮಾರ್ಚಿನ ನಂತರ ಹೊರಗೆ ಬಂದಿಲ್ಲ.

ಮೂರನೆಯ ಅಂಕಣದಲ್ಲಿ ಈ ಚಳಿಗಾಲ ಮತ್ತೆ ಮತ್ತೆ ಬಂದದ್ದು ಕೃತ್ತಿಕೆ. 25 ಮಿಲಿಮೀಟರಿನ ನೋಟ ಒಂದು ಡಿಗ್ರಿಯಷ್ಟೇ ಇರುವುದರಿಂದ ಗುಚ್ಛ ಪೂರ್ತಿ ಹಿಡಿಸುವುದಿಲ್ಲ. ಎರಡಿಂಚು ಕೊರಳಿನ, 70 ಡಿಗ್ರಿ ನೋಟದ 30 ಮಿಲಿಮೀಟರಿನ ಐಪೀಸ್ ಅನ್ನು ಅದೇ ಗೆಳೆಯರು ಒಂದು ತಿಂಗಳಿಗೆ ಕೊಟ್ಟಿದ್ದಾರೆ. 40 ಪಟ್ಟು, 1.75 ಡಿಗ್ರಿ, ಕೃತ್ತಿಕೆಯ ಸುತ್ತ ಕತ್ತಲೆಯ ಅಂಚು ಉಳಿದು, ಗುಚ್ಛ ಮೊದಲ ಬಾರಿಗೆ ಗುಚ್ಛವಾಗಿಯೇ ಕಂಡಿತು. ಭಾರಕ್ಕೆ ಕೊಳವೆಯ ಮೂತಿ ಕೆಳಗೆ ಬಾಗುತ್ತದೆ; ಹಿಂಬದಿಗೆ ಎರಡು ಆಯಸ್ಕಾಂತ ಅಂಟಿಸಿ ಸರಿಪಡಿಸಿದ್ದೇನೆ.

ಆದರೂ ಇನ್ನೂ ಕೊಳ್ಳುವ ತೀರ್ಮಾನಕ್ಕೆ ಬಂದಿಲ್ಲ. ಇದರ ಎಕ್ಸಿಟ್ ಪ್ಯೂಪಿಲ್ 5.1 ಮಿಲಿಮೀಟರ್, ಅಷ್ಟು ಅಗಲದಲ್ಲಿ ಹಿನ್ನೆಲೆಯ ಆಕಾಶವೂ ಬೆಳಗುತ್ತದೆ, ಮತ್ತು ಊರ ಬಾಗಿಲಲ್ಲಿ ಈಗ ಹೊಸ ಎಲ್‌ಇಡಿ ದೀಪವಿದೆ. ಕಣದಿಂದ ನೋಡಿದಾಗ ಆಕಾಶ ಬೂದಿಯ ಬಣ್ಣಕ್ಕೆ ತಿರುಗಿ ಕೃತ್ತಿಕೆಯ ಸುತ್ತಲಿನ ಮಸುಕು ನೀಹಾರಿಕೆಯ ಸುಳಿವೇ ಸಿಗಲಿಲ್ಲ. ದಿಣ್ಣೆಯ ಆಚೆ ಬದಿಯ ಹುರುಳಿ ಹೊಲಕ್ಕೆ ದೀಪ ಕಾಣುವುದಿಲ್ಲ. ಫೆಬ್ರವರಿ ಹದಿನೇಳರ ಅಮಾವಾಸ್ಯೆಗೆ ಮೊದಲಿನ ಶನಿವಾರ ದೂರದರ್ಶಕವನ್ನು ಅಲ್ಲಿಗೆ ಹೊತ್ತು, 25 ಮತ್ತು 30 ಎರಡರಲ್ಲೂ ಕೃತ್ತಿಕೆಯನ್ನೇ ನೋಡಿ ಹೋಲಿಸುತ್ತೇನೆ. ಅಲ್ಲಿಯವರೆಗೆ ಡಬ್ಬಿಯ ಸ್ಪಂಜಿನಲ್ಲಿ ಕತ್ತರಿಸಿಟ್ಟ ಎರಡಿಂಚಿನ ಕುಳಿ ಖಾಲಿಯಾಗಿಯೇ ಇರುತ್ತದೆ.