ಕಲ್ಲಚ್ಚಿನಿಂದ ಮೊಳೆಗೆ: ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟ

1843ರ ಜುಲೈ 1ರಂದು ಹೊರಬಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ ಎಂದು ಎಲ್ಲರೂ ಬಲ್ಲರು. ಅದು ಅಚ್ಚಾದದ್ದು ಮೊಳೆಯಲ್ಲಲ್ಲ (ಮೊಳೆ ಎಂದರೆ ಲೋಹದಲ್ಲಿ ಎರಕ ಹೊಯ್ದ ಬಿಡಿ ಅಕ್ಷರ), ಕಲ್ಲಿನ ಮೇಲೆ. ಅದನ್ನು ಹೊರತಂದ ಬಾಸೆಲ್ ಮಿಷನ್ ಎಂಬ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ 1834ರಲ್ಲಿ ಮಂಗಳೂರಿಗೆ ಬಂದು, ಎರಡು ವರ್ಷದೊಳಗೆ ಶಾಲೆ ತೆರೆಯಿತು. ಶಾಲೆಯೆಂದ ಮೇಲೆ ಪುಸ್ತಕ ಬೇಕಲ್ಲ? 1841ರಲ್ಲಿ ಕಲ್ಲಚ್ಚಿನ ಯಂತ್ರ ಬಂತು.

ಕಲ್ಲೇ ಏಕೆ? ಕನ್ನಡದ ಮೊಳೆ ಎರಕ ಹೊಯ್ಯುವುದು ಸುಲಭವಲ್ಲ. 34 ವ್ಯಂಜನಗಳು, ಅವುಗಳ ಕಾಗುಣಿತ, ಕೆಳಗೆ ಇಳಿಬೀಳುವ ಒತ್ತಕ್ಷರ, ಎಲ್ಲಕ್ಕೂ ತುಂಡು ಬೇಕು. ಕಲ್ಲಿಗೆ ಇದ್ಯಾವುದೂ ಲೆಕ್ಕವಿಲ್ಲ, ಕೈ ಬರೆದಂತೆಯೇ ಬೀಳುತ್ತದೆ.

ಮೇಣ, ಸಾಬೂನು, ಕೊಬ್ಬು, ಕಾಡಿಗೆ ಸೇರಿದ ಜಿಡ್ಡು ಶಾಯಿಯಲ್ಲಿ ವಿಶೇಷ ಕಾಗದದ ಮೇಲೆ ನೇರವಾಗಿ ಬರೆದು, ನಯವಾಗಿ ತಿಕ್ಕಿದ ಸುಣ್ಣಕಲ್ಲಿನ ಮೇಲೆ ಒತ್ತಿದರೆ ಬರಹ ಕನ್ನಡಿಯಲ್ಲಿ ಕಂಡಂತೆ ತಿರುಗಿ ಕೂರುತ್ತದೆ. ಮೇಲೆ ಗೋಂದಿನ ನೀರಿಗೆ ಒಂದಿಷ್ಟು ನೈಟ್ರಿಕ್ ಆಮ್ಲ ಬೆರೆಸಿ ಸವರುತ್ತಾರೆ. ಬರಹವಿಲ್ಲದ ಜಾಗ ನೀರು ಹಿಡಿಯುತ್ತದೆ, ಬರಹ ಶಾಯಿ ಹಿಡಿಯುತ್ತದೆ. ಪ್ರತಿ ಪ್ರತಿಗೂ ಮುಂಚೆ ಕಲ್ಲನ್ನು ಒದ್ದೆ ಮಾಡಿ, ಆಮೇಲೆ ಶಾಯಿಯ ರೋಲರ್ ಎಳೆಯಬೇಕು. ಒದ್ದೆ ಮರೆತರೆ ಪುಟವೆಲ್ಲ ಮಸಿ. ಆಮ್ಲ ಹೆಚ್ಚಾದರೆ ಒತ್ತಕ್ಷರದ ಸಣ್ಣ ಗೆರೆಗಳು ಮೊದಲು ಸಾಯುತ್ತವೆ. ಶಾಯಿ ಹೆಚ್ಚಾದರೆ ಅಕ್ಷರಗಳೊಳಗಿನ ಸೊನ್ನೆ ತುಂಬಿಹೋಗುತ್ತದೆ. ಬೆರಳಿನ ಬೆವರ ಜಿಡ್ಡು ತಾಗಿದರೂ ಸಾಕು, ಕಲ್ಲು ಅದನ್ನೂ ಅಕ್ಷರವೆಂದೇ ನಂಬಿ ಅಚ್ಚೊತ್ತುತ್ತದೆ. ಮಂಗಳೂರಿನ ಸೆಖೆಯಲ್ಲಿ ಇದು ಸಣ್ಣ ತಾಪತ್ರಯವಾಗಿರಲಾರದು. ಕೆಲಸ ಮುಗಿದ ಮೇಲೆ ಎರಡು ಕಲ್ಲುಗಳ ನಡುವೆ ಮರಳು, ನೀರು ಹಾಕಿ ತಿಕ್ಕಿದರೆ ಬರಹ ಅಳಿದು ಕಲ್ಲು ಮತ್ತೆ ಸಿದ್ಧ.

ಪತ್ರಿಕೆಯ ಸಂಪಾದಕ, ಮಿಷನರಿ ಹರ್ಮನ್ ಮೊಗ್ಲಿಂಗ್ ಹಳೆಯ ಕಾವ್ಯಗಳನ್ನು ಪ್ರಕಟಿಸಿದ ಮಾಲೆಯೂ (1848ರಿಂದ) ಹೀಗೆ ಕಲ್ಲಿನಲ್ಲೇ ಮೂಡಿತು. ಪತ್ರಿಕೆ ಮಾತ್ರ 1844ರಲ್ಲೇ ಬಳ್ಳಾರಿಗೆ ಹೋಯಿತು, ಅಲ್ಲಿ ಲಂಡನ್ ಮಿಷನ್ನಿನ ಅಚ್ಚುಕೂಟವಿತ್ತು.

ಪಠ್ಯಪುಸ್ತಕಕ್ಕೆ ಕಲ್ಲು ಸೋಲುವುದು ತಿದ್ದುವಿಕೆಯಲ್ಲಿ. ಒಂದು ಸಾಲು ಬಿಟ್ಟುಹೋಗಿದ್ದರೆ ಮೊಳೆಯಲ್ಲಿ ಸರಿಸಿ ತೂರಿಸಬಹುದು, ಕಲ್ಲಿನಲ್ಲಿ ಇಡೀ ಪುಟವನ್ನೇ ಮತ್ತೆ ಬರೆಯಬೇಕು. ಕೈಬರಹ ಜಾಗವನ್ನೂ ನುಂಗುತ್ತದೆ, ಕಾಗದದ ಖರ್ಚು ಏರುತ್ತದೆ. 1850ರ ದಶಕದ ಆರಂಭದಲ್ಲಿ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಜೊತೆಗೆ ಮೊಳೆಗಳು ಮಂಗಳೂರಿಗೆ ಬಂದದ್ದು ಈ ಕಾರಣಕ್ಕೇ ಮುಖ್ಯ. (1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಪ್ಲೆಬ್ಸ್ಟ್ ಇವರೇ.) ಇದೇ ಅಚ್ಚುಕೂಟದಲ್ಲಿ ಮೊಳೆಯಿಂದ ಅಚ್ಚಾದ 1894ರ ಕಿಟ್ಟೆಲ್ ನಿಘಂಟಿನ 1,700ಕ್ಕೂ ಮಿಕ್ಕಿದ ಪುಟಗಳಲ್ಲಿ ಕನ್ನಡ, ಇಂಗ್ಲಿಷ್ ಅಕ್ಷರಗಳು ಒಂದೇ ಸಾಲಿನಲ್ಲಿ ಕೂತಿವೆ, ಅದನ್ನು ಕಲ್ಲಿನ ಮೇಲೆ ಬರೆಯಲು ಯಾವ ಬರಹಗಾರನೂ ಒಪ್ಪುತ್ತಿರಲಿಲ್ಲ.